ಆವಿಗೆಗೂ ಚಳಿಯಾಗುತ್ತದೆಯೇ? ಕುಂಬಾರಿಕೆಯ ಕೈಪಿಡಿಗಳ ಕುರಿತು ಒಂದು ಭೌತ ವಿಮರ್ಶೆ

ಮಡಕೆ ಸುಡುವ ಆವಿಗೆಯನ್ನು ಕಟ್ಟುವುದು ಹೇಗೆ, ನಡೆಸುವುದು ಹೇಗೆ ಎಂದು ತಿಳಿಸುವ ಇಂಗ್ಲಿಷ್ ಪುಸ್ತಕಗಳು ಹಲವಾರು ಇವೆ. ಅವುಗಳಲ್ಲಿ ಮೂರು ಪುಸ್ತಕಗಳ ಹೆಸರು ಕುಂಬಾರರ ಮಾತಿನಲ್ಲಿ ಮತ್ತೆ ಮತ್ತೆ ಬರುತ್ತದೆ. ಬರ್ನಾರ್ಡ್ ಲೀಚ್ ಅವರ 'ಎ ಪಾಟರ್ಸ್ ಬುಕ್' (1940), ಡೇನಿಯಲ್ ರೋಡ್ಸ್ ಅವರ 'ಕಿಲ್ನ್ಸ್' (1968), ಫ್ರೆಡರಿಕ್ ಓಲ್ಸನ್ ಅವರ 'ದ ಕಿಲ್ನ್ ಬುಕ್' (1973). ಮೂರನ್ನೂ ಬರೆದವರು ಕೈಯಲ್ಲಿ ಮಣ್ಣು ಹಿಡಿದವರು, ಭೌತವಿಜ್ಞಾನಿಗಳಲ್ಲ. ಆದರೂ ಉಷ್ಣದ ಪಾಠ ಹೇಳುವ ಅಧ್ಯಾಪಕರಿಗೆ ಇವು ತುಂಬ ಬೇಕಾದ ಪುಸ್ತಕಗಳು. ವಹನ, ಸಂವಹನ, ವಿಕಿರಣ, ಗುಪ್ತೋಷ್ಣ, ದಹನ, ಅನಿಲಗಳ ಸಾಂದ್ರತೆ ಎಂದು ನಾವು ಬೇರೆ ಬೇರೆ ಪೀರಿಯಡ್‌ಗಳಲ್ಲಿ ಹೇಳುವ ಸಂಗತಿಗಳೆಲ್ಲ ಆವಿಗೆಯೊಳಗೆ ಒಂದೇ ರಾತ್ರಿ ಒಟ್ಟಿಗೆ ನಡೆಯುತ್ತವೆ.

(ಕುಂಬಾರರ ಗೂಡಿಗೆ ಕನ್ನಡದಲ್ಲಿರುವ ಹಳೆಯ ಹೆಸರು ಆವಿಗೆ. ನೀರಿನ ಆವಿಯೊಡನೆ ಗೊಂದಲವಾಗದಿರಲೆಂದು ಈ ಲೇಖನದಲ್ಲಿ ಆವಿಯನ್ನು ಬಾಷ್ಪ ಎಂದೇ ಬರೆದಿದ್ದೇನೆ.)

ಲೀಚ್ ಆವಿಗೆ ನಡೆಸಿದ್ದು ಇಂಗ್ಲೆಂಡಿನ ಕಾರ್ನ್‌ವಾಲ್ ತೀರದ ಸೇಂಟ್ ಐವ್ಸ್ ಎಂಬ ಊರಿನಲ್ಲಿ. ಸಮುದ್ರದ ದೆಸೆಯಿಂದ ಅಲ್ಲಿ ಚಳಿಗಾಲ ಸೌಮ್ಯ. ಅವರಲ್ಲಿ ಕಲಿತ ವಾರೆನ್ ಮೆಕೆಂಜಿ (1924–2018) ಅಮೆರಿಕದ ಮಿನೆಸೋಟ ರಾಜ್ಯಕ್ಕೆ ಹಿಂದಿರುಗಿ, ಸ್ಟಿಲ್‌ವಾಟರ್ ಬಳಿ ದಶಕಗಳ ಕಾಲ ಮಡಕೆ ಮಾಡಿದರು. ಮಿನೆಸೋಟದ ಜನವರಿಯಲ್ಲಿ ತಾಪ −30° ಸೆ. ಮುಟ್ಟುವುದುಂಟು. ಗಡಿಯಾಚೆ ಕೆನಡಾದ ಆಲ್ಬರ್ಟದಲ್ಲೂ ಹಾಗೆಯೇ. ಹೀಗೆ ಬೆಚ್ಚನೆಯ ತೀರದಲ್ಲಿ ಹುಟ್ಟಿದ ವಿದ್ಯೆ ಹೆಪ್ಪುಗಟ್ಟುವ ನಾಡಿಗೆ ಹೋದಾಗ ಅದರ ಯಾವ ನಿಯಮಗಳು ಉಳಿಯುತ್ತವೆ, ಯಾವುವು ಬದಲಾಗುತ್ತವೆ? ಕುಂಬಾರರ ನಡುವೆ ಓಡಾಡುವ ಉತ್ತರ ಸರಳ: ಚಳಿ ಉಷ್ಣವನ್ನು ನುಂಗುತ್ತದೆ, ಆದ್ದರಿಂದ ಹೆಚ್ಚು ಬೆಂಕಿ ಕೊಡಿ, ಹೆಚ್ಚು ಹೊತ್ತು ಸುಡಿ.

ಈ ಉತ್ತರ ತಪ್ಪು ಜಾಗಕ್ಕೆ ಕೈ ತೋರಿಸುತ್ತದೆ ಎಂಬುದು ನನ್ನ ತಕರಾರು. ಅದು ಇಷ್ಟು ಕಾಲ ಉಳಿದುಬರಲು ಕೈಪಿಡಿಗಳು ನಿಯಮಗಳನ್ನು ಹೇಳುವ ರೀತಿಯೂ ಒಂದು ಕಾರಣ.

ಗೋಡೆಯ ಲೆಕ್ಕ

ಮೊದಲು ವಿದ್ಯುತ್ ಆವಿಗೆಯನ್ನು ತೆಗೆದುಕೊಳ್ಳೋಣ. ಅದರಲ್ಲಿ ಚಿಮಣಿಯ ತೊಡಕಿಲ್ಲ. ಒಳಗಿನ ತಾಪ 1250° ಸೆ. ಇರಲಿ. ಹೊರಗೆ ನಮ್ಮೂರಿನ ಬೇಸಿಗೆಯಂತೆ 30° ಇದ್ದರೆ ಒಳಹೊರಗಿನ ವ್ಯತ್ಯಾಸ 1220 ಡಿಗ್ರಿ. ಹೊರಗೆ −30° ಇದ್ದರೆ 1280 ಡಿಗ್ರಿ. ಗೋಡೆಯ ಮೂಲಕ ಸೋರುವ ಉಷ್ಣ ಸರಿಸುಮಾರು ಈ ವ್ಯತ್ಯಾಸಕ್ಕೆ ಅನುಪಾತದಲ್ಲಿರುತ್ತದೆ. ಅಂದರೆ ಸೋರಿಕೆಯ ಹೆಚ್ಚಳ ನೂರಕ್ಕೆ ಐದು. ಮಡಕೆಗಳನ್ನೂ ಇಟ್ಟಿಗೆಗಳನ್ನೂ ಕಾಯಿಸಲು ಬೇಕಾದ ಉಷ್ಣವೂ ಅಷ್ಟೇ ಪ್ರಮಾಣದಲ್ಲಿ ಏರುತ್ತದೆ. ಒಂದು ಸುಡುವಿಕೆಗೆ 60 ಯೂನಿಟ್ ವಿದ್ಯುತ್ ಬೇಡುವ ಸಣ್ಣ ಆವಿಗೆಗೆ ಇದು 3 ಯೂನಿಟ್.

ಹೊರಗಿನ ಗಾಳಿ ರಭಸವಾಗಿ ಬೀಸಿದರೆ? ಗೋಡೆಯ ಉಷ್ಣರೋಧದ ಬಹುಪಾಲು ಇರುವುದು ಇಟ್ಟಿಗೆಯ ದಪ್ಪದಲ್ಲಿ, ಹೊರಮೈಯನ್ನು ತಾಗಿದ ಗಾಳಿಯ ತೆಳು ಪದರದಲ್ಲಲ್ಲ. ಆ ಪದರವನ್ನು ಗಾಳಿ ಕಿತ್ತೊಯ್ದರೂ ನಷ್ಟ ಸ್ವಲ್ಪವೇ. ಬಿರುಕುಗಳ ಮೂಲಕ ಗಾಳಿ ಒಳನುಗ್ಗಿದರೆ ಮಾತು ಬೇರೆ.

ನೂರಕ್ಕೆ ಐದು ಎಂದಾಕ್ಷಣ ಅದನ್ನು ಮರೆತುಬಿಡಬಹುದೇ? ಇಂಧನದ ಲೆಕ್ಕದಲ್ಲಿ ಮರೆಯಬಹುದು, ಮೆರುಗಿನ ಲೆಕ್ಕದಲ್ಲಿ ಮರೆಯಲಾಗದು. ತಂತಿಸುರುಳಿಗಳು ಹಳತಾಗಿ ಶಕ್ತಿ ಕುಗ್ಗಿದ ಆವಿಗೆಯೊಂದು ಪೂರ್ಣ ವಿದ್ಯುತ್ತಿನಲ್ಲಿ ಬೇಸಿಗೆಯ ದಿನ 1280° ಸೆ. ತನಕ ಮಾತ್ರ ಏರಬಲ್ಲದು ಎನ್ನೋಣ. ಆ ಹಂತದಲ್ಲಿ ಒಳಬರುವ ಶಕ್ತಿ, ಸೋರುವ ಶಕ್ತಿ ಎರಡೂ ಸಮ. ಹೊರಗಿನ ತಾಪ 60 ಡಿಗ್ರಿ ಇಳಿದರೆ ಒಳಗಿನ ಗರಿಷ್ಠ ತಾಪವೂ ಹೆಚ್ಚುಕಡಿಮೆ ಅಷ್ಟೇ ಇಳಿದು 1220°ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಕುಂಬಾರರ ಶಂಕುಗಳ ಭಾಷೆಯಲ್ಲಿ ಇದು ಹತ್ತನೆಯ ಶಂಕುವಿನಿಂದ ಆರನೆಯ ಶಂಕುವಿಗೆ ಜಾರಿದಂತೆ. ಹತ್ತನೆಯ ಶಂಕುವಿಗೆಂದು ಬೆರೆಸಿದ ಮೆರುಗು ಆರರಲ್ಲಿ ಕರಗದೆ ಒರಟಾಗಿ ಉಳಿಯುತ್ತದೆ. ಹೊಸ ಸುರುಳಿಗಳ ಆವಿಗೆಗೆ ಚಳಿ ಗೊತ್ತೇ ಆಗುವುದಿಲ್ಲ. ಸೋತ ಆವಿಗೆಗೆ ಆಗುತ್ತದೆ. ಇಬ್ಬರು ಕುಂಬಾರರು ಒಂದೇ ಊರಿನ ಒಂದೇ ಚಳಿಯ ಬಗ್ಗೆ ಎದುರುಬದುರಾದ ಅನುಭವ ಹೇಳಿದರೆ ಇಬ್ಬರೂ ಸರಿಯಾಗಿರಲು ಸಾಧ್ಯ.

ಚಿಮಣಿಯ ಸೂತ್ರ ಮತ್ತು ಅದು ಹೇಳದೆ ಬಿಟ್ಟದ್ದು

ಬೆಂಕಿಯ ಆವಿಗೆಗೆ ಬಂದಾಗ ಕಥೆ ಬದಲಾಗುತ್ತದೆ. ನನ್ನ ವಿಮರ್ಶೆಯ ತಿರುಳೂ ಇಲ್ಲೇ ಇದೆ.

ಓಲ್ಸನ್ ತಮ್ಮ ಪುಸ್ತಕದಲ್ಲಿ ಆವಿಗೆ ಕಟ್ಟುವವರಿಗಾಗಿ ಕೆಲವು ಸೂತ್ರಗಳನ್ನು ಕೊಟ್ಟಿದ್ದಾರೆ. ಅವುಗಳಲ್ಲಿ ಹೆಸರಾದದ್ದು ಚಿಮಣಿಯ ಎತ್ತರದ್ದು. ಜ್ವಾಲೆ ಕೆಳಮುಖವಾಗಿ ಇಳಿಯಬೇಕಾದ ಪ್ರತಿ ಒಂದು ಅಡಿಗೆ ಮೂರು ಅಡಿ ಚಿಮಣಿ ಬೇಕು. ಅಡ್ಡಲಾಗಿ ಸಾಗಬೇಕಾದ ಪ್ರತಿ ಮೂರು ಅಡಿಗೆ ಇನ್ನೊಂದು ಅಡಿ ಸೇರಿಸಬೇಕು. ಸೂತ್ರ ಚೊಕ್ಕವಾಗಿದೆ, ನೆನಪಿಡಲು ಸುಲಭ, ಕಟ್ಟಿದ ಆವಿಗೆಗಳು ಎಳೆಯುತ್ತವೆ. ಗಮನಿಸಬೇಕಾದ್ದೆಂದರೆ ಇದರಲ್ಲಿ ಇರುವುದೆಲ್ಲ ಅಡಿಗಳು. ತಾಪ ಎಂಬ ರಾಶಿ ಇದರಲ್ಲಿ ಇಲ್ಲವೇ ಇಲ್ಲ.

ಚಿಮಣಿ ಏಕೆ ಎಳೆಯುತ್ತದೆ? ಅದರೊಳಗಿನ ಬಿಸಿ ಅನಿಲದ ಕಂಬ ಹಗುರ, ಹೊರಗಿನ ಅಷ್ಟೇ ಎತ್ತರದ ಗಾಳಿಯ ಕಂಬ ಭಾರ. ಎರಡರ ತೂಕದ ವ್ಯತ್ಯಾಸವೇ ಸೆಳೆತ. ಎತ್ತರ, ಗುರುತ್ವ ವೇಗೋತ್ಕರ್ಷ ಮತ್ತು ಸಾಂದ್ರತೆಗಳ ವ್ಯತ್ಯಾಸ ಇವುಗಳ ಗುಣಲಬ್ಧ ತೆಗೆದರೆ ಅದು ಪ್ಯಾಸ್ಕಲ್‌ಗಳಲ್ಲಿ ಸಿಗುತ್ತದೆ. 5 ಮೀಟರ್ ಎತ್ತರದ ಚಿಮಣಿ ಇರಲಿ. ಅದರೊಳಗಿನ ಅನಿಲದ ಸರಾಸರಿ ತಾಪ 600° ಸೆ. ಇರಲಿ. ಆಗ ಒಳಗಿನ ಸಾಂದ್ರತೆ ಘನಮೀಟರಿಗೆ ಸುಮಾರು 0.40 ಕಿಲೋಗ್ರಾಂ. ಹೊರಗಿನ ಗಾಳಿಯ ಸಾಂದ್ರತೆ 30°ಯಲ್ಲಿ 1.165, 0°ಯಲ್ಲಿ 1.293, −30°ಯಲ್ಲಿ 1.452. ಗುಣಿಸಿದರೆ ಸೆಳೆತ ಕ್ರಮವಾಗಿ 37, 44, 51 ಪ್ಯಾಸ್ಕಲ್. ಅದೇ ಚಿಮಣಿ, ಅದೇ ಇಟ್ಟಿಗೆ, ಅದೇ ಬೆಂಕಿ. ಆದರೆ ಸೆಳೆತದಲ್ಲಿ ನೂರಕ್ಕೆ 38ರಷ್ಟು ಏರಿಕೆ. ಗೋಡೆಗೆ ಐದು, ಚಿಮಣಿಗೆ ಮೂವತ್ತೆಂಟು!

ಸೂತ್ರಕ್ಕೆ ನ್ಯಾಯ ಒದಗಿಸಲು ಇನ್ನೊಂದು ಮಾತು ಸೇರಿಸಬೇಕು. ಬಿಸಿ ಅನಿಲವನ್ನು ಕೆಳಕ್ಕೆ ಇಳಿಸುವಾಗ ಎದುರಾಗುವ ತಡೆಯೂ ಸಾಂದ್ರತೆಯ ವ್ಯತ್ಯಾಸದಿಂದಲೇ ಬರುವುದರಿಂದ ಚಳಿಯಲ್ಲಿ ಅದೂ ಹೆಚ್ಚುತ್ತದೆ. ಮೂರು ಅಡಿ ಚಿಮಣಿಯ ಎಳೆತಕ್ಕೂ ಒಂದು ಅಡಿ ಇಳಿತದ ತಡೆಗೂ ಇರುವ ಅನುಪಾತ ಬೇಸಿಗೆಯಲ್ಲಿ ಸುಮಾರು 2.45 ಇದ್ದರೆ, −30°ಯಲ್ಲಿ 2.6ರ ಹತ್ತಿರ ಬರುತ್ತದೆ. ಬಹುತೇಕ ಒಂದೇ. ಅಡಿಗಳಲ್ಲಿ ಮಾತ್ರ ಹೇಳಿದ ಸೂತ್ರ ಎಲ್ಲ ಹವೆಗಳಲ್ಲೂ ಕೆಲಸ ಮಾಡುವುದರ ಗುಟ್ಟು ಇದೇ. ಚಿಮಣಿ ಎಳೆಯುತ್ತದೆಯೇ ಎಂಬ ಪ್ರಶ್ನೆಗೆ ಅದು ಉತ್ತರ ಕೊಡುತ್ತದೆ. ಎಷ್ಟು ಎಳೆಯುತ್ತದೆ ಎಂಬ ಪ್ರಶ್ನೆಗೆ ಕೊಡುವುದಿಲ್ಲ. ಆವಿಗೆ ಕಟ್ಟುವವನಿಗೆ ಮೊದಲನೆಯ ಪ್ರಶ್ನೆ ಮುಖ್ಯ, ನಡೆಸುವವನಿಗೆ ಎರಡನೆಯದು. ಕಟ್ಟುವ ಸೂತ್ರವನ್ನೇ ನಡೆಸುವ ಸೂತ್ರವೆಂದು ಓದುವುದರಿಂದ ತೊಂದರೆ ಶುರುವಾಗುತ್ತದೆ.

ಸೆಳೆತ ಹೆಚ್ಚಿದರೆ ಒಳಬರುವ ಗಾಳಿಯೂ ಹೆಚ್ಚುತ್ತದೆ. ಎಷ್ಟು ಎಂಬುದು ದಾರಿಯ ಮುಖ್ಯ ತಡೆ ಎಲ್ಲಿದೆ ಎಂಬುದನ್ನು ಅವಲಂಬಿಸಿದೆ. ತಡೆ ಬಿಸಿ ಭಾಗದಲ್ಲಿದ್ದರೆ ಏರಿಕೆ ಸುಮಾರು ಶೇಕಡಾ 17. ತಣ್ಣನೆಯ ಗಾಳಿ ಒಳಬರುವ ಕಿಂಡಿಯಲ್ಲಿದ್ದರೆ ಸುಮಾರು ಶೇಕಡಾ 31. ನಡುವಣ ಬೆಲೆಯಾಗಿ ಶೇಕಡಾ 20 ಎಂದುಕೊಳ್ಳೋಣ. ಒಂದು ಕಿಲೋಗ್ರಾಂ ಪ್ರೊಪೇನ್ ಪೂರ್ಣವಾಗಿ ಉರಿಯಲು 15.7 ಕಿಲೋಗ್ರಾಂ ಗಾಳಿ ಬೇಕು. ಹುಟ್ಟುವ ಉಷ್ಣ ಸುಮಾರು 46 ಮೆಗಾಜೂಲ್. ಒಳಗೆ 1250° ಇರುವಾಗ ಹೊರಹೋಗುವ ಅನಿಲಗಳು ಅದರಲ್ಲಿ ಅರ್ಧಕ್ಕಿಂತ ಹೆಚ್ಚನ್ನು, ಸುಮಾರು 25 ಮೆಗಾಜೂಲನ್ನು, ಹೊತ್ತೊಯ್ಯುತ್ತವೆ. ಮಡಕೆಗೆ, ಗೋಡೆಗೆ ಉಳಿಯುವುದು 21. ಬೇಡದ ಗಾಳಿ ಶೇಕಡಾ 20ರಷ್ಟು, ಎಂದರೆ 3 ಕಿಲೋಗ್ರಾಂಗಿಂತ ತುಸು ಹೆಚ್ಚು ಒಳನುಗ್ಗಿದರೆ, ಅದನ್ನು −30°ಯಿಂದ 1250°ಗೆ ಕಾಯಿಸಿ ಹೊರಗೆ ಕಳಿಸಲು ಸುಮಾರು 4.5 ಮೆಗಾಜೂಲ್ ಖರ್ಚು. ಉಳಿದ 21ರಲ್ಲಿ ಐದನೆಯ ಒಂದು ಪಾಲು ಹೋಯಿತು.

ಈಗ ಕುಂಬಾರ ಏನು ನೋಡುತ್ತಾನೆ? ತಾಪ ನಿಧಾನವಾಗಿ ಏರುತ್ತಿದೆ ಅಥವಾ ಏರುವುದೇ ನಿಂತಿದೆ. ಚಳಿ ಉಷ್ಣವನ್ನು ನುಂಗುತ್ತಿದೆ ಎಂದು ಆತ ಇನ್ನಷ್ಟು ಅನಿಲ ಬಿಡುತ್ತಾನೆ, ಚಿಮಣಿಯ ಜಾರುಹಲಗೆಯನ್ನು ಇನ್ನಷ್ಟು ತೆರೆಯುತ್ತಾನೆ. ಮಾಡಬೇಕಾದ್ದು ಇದರ ತದ್ವಿರುದ್ಧ. ಡ್ಯಾಂಪರ್ ಎಂದು ಕರೆಯುವ ಆ ಜಾರುಹಲಗೆಯನ್ನು ಬೇಸಿಗೆಯ ಗುರುತಿಗಿಂತ ಒಳಕ್ಕೆ ತಳ್ಳಬೇಕು, ಗಾಳಿಕಿಂಡಿಯನ್ನು ಕಿರಿದು ಮಾಡಬೇಕು. ಉಷ್ಣವನ್ನು ಕದಿಯುತ್ತಿರುವುದು ಹೊರಗಿನ ಚಳಿಯಲ್ಲ, ಒಳಗೆ ಬಂದ ಗಾಳಿ. ಚಳಿ ಆ ಗಾಳಿಯನ್ನು ಭಾರವಾಗಿಸಿದೆ, ಅಷ್ಟೆ. ಚಳಿಗಾಳಿಯಲ್ಲಿ ಆಮ್ಲಜನಕ ಹೆಚ್ಚು, ಆದ್ದರಿಂದ ಬೆಂಕಿ ಚೆನ್ನಾಗಿ ಉರಿಯುತ್ತದೆ ಎಂಬ ಮಾತೂ ಕೇಳಿಬರುತ್ತದೆ. ಒಂದು ಘನಮೀಟರಿನಲ್ಲಿ ಹೆಚ್ಚು ಎಂಬುದು ನಿಜ; ಒಂದು ಕಿಲೋಗ್ರಾಂನಲ್ಲಿ ಅಷ್ಟೇ ಇದೆ. ಆ ಹೆಚ್ಚಳದ ಅಗತ್ಯವಿಲ್ಲದ ಕಡೆ ಅದೇ ನಷ್ಟ.

ಹೊತ್ತಿಸುವ ಗಳಿಗೆಯಲ್ಲಿ ಸಮಸ್ಯೆ ತಿರುಗುಮುರುಗು, ಮತ್ತು ಇದು ಪ್ರಾಣದ ವಿಷಯ. ಶೆಡ್ಡಿನ ಬಾಗಿಲು ಮುಚ್ಚಿ ಒಳಗೆ 15° ಬೆಚ್ಚಗೆ ಇಟ್ಟಿದ್ದಾರೆ. ಚಾವಣಿ ದಾಟಿ ನಿಂತ ಚಿಮಣಿಯ ತುಂಬ −30°ಯ ಗಾಳಿ. ಆ ಭಾರದ ಕಂಬ ಕೆಳಕ್ಕೆ ಇಳಿಯುತ್ತದೆ. ಬೆಂಕಿ ಹೊತ್ತಿಸಿದರೆ ಅನಿಲಗಳು ಚಿಮಣಿ ಹತ್ತದೆ ಶೆಡ್ಡಿನೊಳಕ್ಕೆ ಬರುತ್ತವೆ. ಅನುಭವಸ್ಥರು ಮೊದಲು ಚಿಮಣಿಯ ಬುಡದಲ್ಲಿ ನಾಲ್ಕು ಹಾಳೆ ಪತ್ರಿಕೆ ಸುಟ್ಟು ಕಂಬವನ್ನು ಬೆಚ್ಚಗೆ ಮಾಡುತ್ತಾರೆ. ಬಹಳ ಒಳ್ಳೆಯ ಭೌತವಿಜ್ಞಾನ. ಮೆರುಗಿನ ಬಣ್ಣಕ್ಕಾಗಿ ಆಮ್ಲಜನಕ ಕಡಿಮೆ ಮಾಡಿ ಸುಡುವ ಪದ್ಧತಿಯಲ್ಲಂತೂ ಕಾರ್ಬನ್ ಮಾನಾಕ್ಸೈಡ್ ಬೇಕೆಂದೇ ಹುಟ್ಟಿಸಲಾಗುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಚಳಿಗೆ ಹೆದರಿ ಬಾಗಿಲು, ಕಿಟಕಿ ಮುಚ್ಚಿಕೊಂಡು ಆವಿಗೆಯ ಪಕ್ಕ ಕೂರುವುದು ಚಳಿಗಿಂತ ದೊಡ್ಡ ಅಪಾಯ. ಚಳಿಗಾಲದ ಸಲಹೆಗಳ ಯಾವುದೇ ಪಟ್ಟಿಯಲ್ಲಿ ಇದು ಮೊದಲ ಸಾಲಿನಲ್ಲಿರಬೇಕು. ಇಂಧನದ ಖರ್ಚಿನ ಕೆಳಗಲ್ಲ.

ಸಿಲಿಂಡರಿನೊಳಗಿನ ಚಳಿ

ಆಲ್ಬರ್ಟದಲ್ಲಿ ಮೆಡಿಸಿನ್ ಹ್ಯಾಟ್ ಎಂಬ ಊರಿದೆ. 1883ರಲ್ಲಿ ಅದರ ಸಮೀಪ ರೈಲ್ವೆಯವರು ನೀರಿಗಾಗಿ ಕೊರೆದಾಗ ಸಿಕ್ಕಿದ್ದು ನೈಸರ್ಗಿಕ ಅನಿಲ. ಕೈಗೆಟುಕುವ ಅನಿಲ, ಹತ್ತಿರದಲ್ಲೇ ಜೇಡಿಮಣ್ಣು. ಹಾಗಾಗಿ ಅಲ್ಲಿ ಇಟ್ಟಿಗೆ, ಜಾಡಿ, ಪಿಂಗಾಣಿಗಳ ಕಾರ್ಖಾನೆಗಳು ಬೆಳೆದವು. ಅವುಗಳಲ್ಲಿ ಹೆಸರಾದ ಮೆಡಾಲ್ಟ ಕಾರ್ಖಾನೆ 1954ರಲ್ಲಿ ಮುಚ್ಚಿತು. ಜೇನುಗೂಡಿನಾಕಾರದ ಅದರ ದೊಡ್ಡ ಆವಿಗೆಗಳು ಇಂದು ವಸ್ತುಸಂಗ್ರಹಾಲಯದ ಭಾಗವಾಗಿವೆ. −30°ಯ ಚಳಿಗಾಲವಿರುವ ಊರಿನಲ್ಲಿ ಅನಿಲದ ಆವಿಗೆಗಳು ಉರಿಯಲು ಒಂದು ಭೌತಿಕ ಅನುಕೂಲವಿತ್ತು. ನೈಸರ್ಗಿಕ ಅನಿಲದ ಬಹುಪಾಲು ಮೀಥೇನ್. ಅದು ದ್ರವವಾಗುವುದು −161° ಸೆ. ಹತ್ತಿರ. ಯಾವ ಚಳಿಗಾಲವೂ ಅದನ್ನು ಕೊಳವೆಯಲ್ಲಿ ದ್ರವವಾಗಿಸಲಾರದು.

ಇಂದು ಹಳ್ಳಿಯ ಶೆಡ್ಡಿನಲ್ಲಿ ಒಬ್ಬನೇ ದುಡಿಯುವ ಕುಂಬಾರನ ಇಂಧನ ಸಾಮಾನ್ಯವಾಗಿ ಸಿಲಿಂಡರಿನ ಪ್ರೊಪೇನ್. ಅದು ಕುದಿಯುವ ಬಿಂದು −42°. ಸಿಲಿಂಡರಿನೊಳಗಿನ ಬಾಷ್ಪ ಒತ್ತಡ 30°ಯಲ್ಲಿ ವಾತಾವರಣದ ಸುಮಾರು ಹತ್ತೂವರೆ ಪಟ್ಟು, 0°ಯಲ್ಲಿ ಐದಕ್ಕೆ ತುಸು ಕಡಿಮೆ, −30°ಯಲ್ಲಿ ಸುಮಾರು 1.7 ಪಟ್ಟು. ರೆಗ್ಯುಲೇಟರನ್ನು ತಳ್ಳಲು ಉಳಿಯುವುದು ವಾತಾವರಣಕ್ಕಿಂತ ಮೇಲಿರುವ 0.7 ಮಾತ್ರ. ಗಾಳಿ ಭಾರವಾಗುವ ಹೊತ್ತಿಗೇ ಅನಿಲ ಸೊರಗುತ್ತದೆ. ಎರಡೂ ಒಂದೇ ದಿಕ್ಕಿಗೆ, ಹೆಚ್ಚು ಗಾಳಿ ಕಡಿಮೆ ಇಂಧನದ ಕಡೆಗೆ ಎಳೆಯುತ್ತವೆ.

ಆದರೆ ಇದೂ ಪೂರ್ತಿ ಕಥೆಯಲ್ಲ. ದ್ರವ ಬಾಷ್ಪವಾಗಲು ಗುಪ್ತೋಷ್ಣ ಬೇಕು. 60 ಕಿಲೋವ್ಯಾಟ್‌ನ ಆವಿಗೆ ಸೆಕೆಂಡಿಗೆ 1.3 ಗ್ರಾಂ ಪ್ರೊಪೇನ್ ಬೇಡುತ್ತದೆ. ಗ್ರಾಮಿಗೆ ಸುಮಾರು 400 ಜೂಲ್‌ನಂತೆ ಸೆಕೆಂಡಿಗೆ 520 ಜೂಲ್ ಉಷ್ಣ ಸಿಲಿಂಡರಿನ ಗೋಡೆಯ ಮೂಲಕ ಒಳಗೆ ಹೋಗಬೇಕು. ದ್ರವ ತಾಗಿರುವ ಗೋಡೆ ಒಂದು ಚದರ ಮೀಟರ್ ಇದ್ದು, ನಿಶ್ಚಲ ಗಾಳಿಯಿಂದ ಪ್ರತಿ ಡಿಗ್ರಿ ವ್ಯತ್ಯಾಸಕ್ಕೆ 10 ವ್ಯಾಟ್ ಬರುವುದಾದರೆ, 52 ಡಿಗ್ರಿ ವ್ಯತ್ಯಾಸ ಬೇಕು! ಹೊರಗೆ 30° ಇದ್ದರೂ ಒಳಗಿನ ದ್ರವ −20°ಗೆ ಇಳಿಯಬೇಕಾಗುತ್ತದೆ. ನಮ್ಮ ಮದುವೆ ಛತ್ರಗಳ ಅಡುಗೆಮನೆಯಲ್ಲಿ ದೊಡ್ಡ ಒಲೆ ಉರಿಯುವಾಗ ಸಿಲಿಂಡರಿನ ಮೈ ಬೆವರುವುದನ್ನೂ ಕೆಲವೊಮ್ಮೆ ಬೆಳ್ಳಗೆ ಹಿಮ ಕಟ್ಟುವುದನ್ನೂ ಓದುಗರು ನೋಡಿರಬಹುದು. ಹೊರಗೆ −10° ಇದ್ದಾಗ ಇದೇ ಲೆಕ್ಕ ದ್ರವವನ್ನು −62°ಗೆ ಇಳಿಸಲು ಹೇಳುತ್ತದೆ. ಆ ತಾಪದಲ್ಲಿ ಪ್ರೊಪೇನ್ ಕುದಿಯುವುದೇ ಇಲ್ಲ. ಅಂದರೆ ಅಷ್ಟು ಬೆಂಕಿ ಆ ಒಂದು ಸಿಲಿಂಡರಿನಿಂದ ಸಿಗದು. ಪರಿಹಾರ ಹೆಚ್ಚು ಮೇಲ್ಮೈ: ಹಲವು ಸಿಲಿಂಡರುಗಳನ್ನು ಒಟ್ಟಿಗೆ ಜೋಡಿಸುವುದು ಅಥವಾ ದೊಡ್ಡ ಟ್ಯಾಂಕನ್ನು ತುಂಬಿಸಿಟ್ಟುಕೊಳ್ಳುವುದು. ಸಿಲಿಂಡರಿಗೆ ಬೆಂಕಿ ತೋರಿಸುವುದು ಆತ್ಮಹತ್ಯೆ. ಬ್ಯೂಟೇನ್ ಬೆರೆತ ಅನಿಲವಾದರೆ ಸ್ಥಿತಿ ಇನ್ನೂ ಕಷ್ಟ. ಬ್ಯೂಟೇನ್ ಕುದಿಯುವುದು −0.5°ಯಲ್ಲಿ; ಚಳಿಯಲ್ಲಿ ಪ್ರೊಪೇನ್ ಮೊದಲು ಖಾಲಿಯಾಗಿ, ಅರ್ಧ ತೂಕವಿದ್ದರೂ ಉರಿಯದ ಸಿಲಿಂಡರ್ ಉಳಿಯುತ್ತದೆ.

ನೀರು ಮಾಡುವ ಕಿತಾಪತಿ

ಚಳಿಗೆ ಮಡಕೆ ಒಡೆಯುವುದೇಕೆ ಎಂದರೆ ನಮ್ಮ ವಿದ್ಯಾರ್ಥಿಗಳೂ ಕುಂಬಾರರೂ ಒಂದೇ ಉತ್ತರ ಕೊಡುತ್ತಾರೆ: ನೀರು ಹೆಪ್ಪುಗಟ್ಟಿದಾಗ ಶೇಕಡಾ 9ರಷ್ಟು ಹಿಗ್ಗುತ್ತದೆ. ಉತ್ತರ ಸರಿ, ಆದರೆ ಹಸಿಮಣ್ಣಿನ ಮಟ್ಟಿಗೆ ಸಾಲದು. ಅಮೆರಿಕದ ದಕ್ಷಿಣ ಕ್ಯಾರೊಲಿನಾದ ಭೂವಿಜ್ಞಾನಿ ಸ್ಟೀಫನ್ ಟೇಬರ್ 1929 ಮತ್ತು 1930ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ನೀರಿನ ಬದಲು ಬೆಂಜೀನನ್ನು ಬಳಸಿದ್ದರು. ಬೆಂಜೀನ್ ಹೆಪ್ಪುಗಟ್ಟಿದಾಗ ಹಿಗ್ಗುವುದಿಲ್ಲ, ಕುಗ್ಗುತ್ತದೆ. ಆದರೂ ಮಣ್ಣು ಉಬ್ಬಿತು! ಹೆಪ್ಪುಗಟ್ಟುವ ಮುಖದ ಕಡೆಗೆ ಮಣ್ಣಿನ ಸೂಕ್ಷ್ಮ ರಂಧ್ರಗಳಿಂದ ದ್ರವ ಹರಿದುಬಂದು ಪದರಪದರವಾಗಿ ಗಟ್ಟಿಯಾಗುವುದೇ ಉಬ್ಬಲು ಮುಖ್ಯ ಕಾರಣ. ಹೆಪ್ಪುಗಟ್ಟಿ ಕರಗಿದ ಜೇಡಿಮಣ್ಣು ಎಲೆಎಲೆಯಾಗಿ ಬಿಡುವುದನ್ನೂ, ಅದನ್ನು ಮತ್ತೆ ತುಳಿದು ನಾದಬೇಕಾಗುವುದನ್ನೂ ಶೇಕಡಾ 9 ವಿವರಿಸದು, ಟೇಬರ್ ವಿವರಿಸುತ್ತಾರೆ. ಪೂರ್ತಿ ಒಣಗಿದ ಹಸಿ ಮಡಕೆಗೆ ಹೆಪ್ಪುಗಟ್ಟುವ ಚಳಿಯಿಂದ ಬಾಧೆಯಿಲ್ಲ. ಹರಿಯಲು ನೀರೇ ಇಲ್ಲವಲ್ಲ.

ಒಣಗಿಸುವ ವಿಚಾರದಲ್ಲಿ ನಮ್ಮ ಊಹೆ ಕೈಕೊಡುತ್ತದೆ. ಮಲೆನಾಡಿನ ಮಳೆಗಾಲ ಕಂಡವರಿಗೆ ತಂಪು ಎಂದರೆ ತೇವ. −30°ಯ ನಾಡಿನಲ್ಲಿ ಹಾಗಲ್ಲ. ಆ ತಾಪದಲ್ಲಿ ಮಂಜುಗಡ್ಡೆಯ ಮೇಲಿನ ಬಾಷ್ಪ ಒತ್ತಡ ಕೇವಲ 38 ಪ್ಯಾಸ್ಕಲ್; 20°ಯಲ್ಲಿ ನೀರಿನದು 2,339. ಹೊರಗಿನ ಗಾಳಿಯನ್ನು ಒಳತಂದು 20°ಗೆ ಕಾಯಿಸಿದರೆ ಅದರ ಸಾಪೇಕ್ಷ ಆರ್ದ್ರತೆ ಶೇಕಡಾ 2ಕ್ಕಿಂತ ಕಡಿಮೆ. ಜನರ ಉಸಿರು, ನೀರಿನ ಬೋಗುಣಿಗಳು ತುಸು ಸೇರಿಸುತ್ತವೆ, ನಿಜ. ಆದರೂ ಮಡಕೆಯ ಬಾಯಿ ಬುಡಕ್ಕಿಂತ ಬೇಗ ಒಣಗಿ ಸೀಳುತ್ತದೆ. ಅಲ್ಲಿ ಮಡಕೆಯ ಮೇಲೆ ಪ್ಲಾಸ್ಟಿಕ್ ಹೊದಿಸಬೇಕಾದ ಕಾಲ ಚಳಿಗಾಲವೇ.

ಹೀಗೆ ಒಣಗಿಸಿದ ಮಡಕೆಯನ್ನು ತಣ್ಣನೆಯ ಆವಿಗೆಯಲ್ಲಿಟ್ಟು ಅನಿಲ ಹೊತ್ತಿಸಿದರೆ ಅದು ಮತ್ತೆ ಒದ್ದೆಯಾಗುತ್ತದೆ! ಒಂದು ಕಿಲೋಗ್ರಾಂ ಪ್ರೊಪೇನ್ ಉರಿದರೆ 1.6 ಕಿಲೋಗ್ರಾಂ ನೀರು ಹುಟ್ಟುತ್ತದೆ. ಸಮೀಕರಣವನ್ನು ಹಲಗೆಯ ಮೇಲೆ ಬರೆದು ತೂಗಿಸಿ ನೋಡಬಹುದು. ಆ ಬಾಷ್ಪ 50°ಗಿಂತ ತಣ್ಣಗಿರುವ ಯಾವುದೇ ಮೈಮೇಲೆ ಇಬ್ಬನಿಯಾಗಿ ಕೂರಬಲ್ಲದು. −30°ಯ ಮಡಕೆ ಮೇಲೆ ಮೊದಲು ಹಿಮ, ಆಮೇಲೆ ಹನಿ. ನಂತರ ಬೆಂಕಿ ಜೋರಾದರೆ ಮಣ್ಣಿನೊಳಗೇ ನೀರು ಕುದಿದು ಮಡಕೆ ಸಿಡಿಯುತ್ತದೆ. ಸುಡುವ ಹಿಂದಿನ ರಾತ್ರಿ ಸಣ್ಣ ಜ್ವಾಲೆಯಿಟ್ಟು ಜಾರುಹಲಗೆಯನ್ನು ತೆರೆದಿಡುವ ರೂಢಿಯನ್ನು ಇಲ್ಲಿ ಮೆಚ್ಚಬೇಕು. ಈ ಒಂದು ಹಂತದಲ್ಲಿ ಮಾತ್ರ ಹೆಚ್ಚು ಗಾಳಿ ಒಳ್ಳೆಯದು.

ಆವಿಗೆಯ ಇಟ್ಟಿಗೆಗಳೂ ನೀರು ಕುಡಿಯುತ್ತವೆ. ಉಷ್ಣನಿರೋಧಕ ಇಟ್ಟಿಗೆ ಹಗುರವಾಗಿರುವುದು ಅದರ ತುಂಬ ರಂಧ್ರಗಳಿರುವುದರಿಂದ. ಬಯಲಲ್ಲಿ ಹೊದಿಕೆಯಿಲ್ಲದ ಆವಿಗೆ ಕರಗಿದ ಹಿಮದಿಂದ 10 ಕಿಲೋಗ್ರಾಂ ನೀರು ಹೀರಿಕೊಂಡಿದೆ ಎನ್ನಿ. −30°ಯ ಮಂಜುಗಡ್ಡೆಯನ್ನು ಕರಗಿಸಿ, ಕಾಯಿಸಿ, ಬಾಷ್ಪವಾಗಿಸಲು ಸುಮಾರು 31 ಮೆಗಾಜೂಲ್, ಅಂದರೆ 8.5 ಯೂನಿಟ್. ಮೊದಲು ನೋಡಿದ ಗೋಡೆಯ ಲೆಕ್ಕದ 3 ಯೂನಿಟ್‌ಗೆ ಇದನ್ನು ಹೋಲಿಸಿ. ಚಳಿಯಲ್ಲಿ ಹೆಚ್ಚು ಇಂಧನ ಹೋಯಿತು ಎಂದು ದೂರುವ ಎಷ್ಟೋ ಮಂದಿ ಸುಡುತ್ತಿರುವುದು ನೀರನ್ನು. ಒಂದು ತಗಡಿನ ಮಾಡು ಹೆಚ್ಚುವರಿ ಇಟ್ಟಿಗೆ ಪದರಕ್ಕಿಂತ ಲಾಭದಾಯಕ.

ಅಳತೆ ಮತ್ತು ಇಳಿತ

ತಾಪ ಅಳೆಯುವ ಉಷ್ಣಯುಗ್ಮ ಅಳೆಯುವುದು ಬಿಸಿ ತುದಿಗೂ ತಣ್ಣನೆಯ ತುದಿಗೂ ಇರುವ ವ್ಯತ್ಯಾಸವನ್ನು. ತಣ್ಣನೆಯ ತುದಿ 25°ಯಲ್ಲಿದೆ ಎಂದು ನಂಬಿ ಗುರುತು ಹಾಕಿದ ಹಳೆಯ ಮುಳ್ಳಿನ ಮೀಟರನ್ನು −25°ಯ ಶೆಡ್ಡಿನಲ್ಲಿ ತೂಗುಹಾಕಿದರೆ ಕೆ ಮಾದರಿಯ ಉಷ್ಣಯುಗ್ಮದಲ್ಲಿ ನಿಜವಾದ 1250° ಸುಮಾರು 1305° ಎಂದು ಕಾಣುತ್ತದೆ. ಕುಂಬಾರ ಬೆಂಕಿ ಆರಿಸುತ್ತಾನೆ; ಮಡಕೆ ಅರೆಬೆಂದಿರುತ್ತದೆ; ದೂರು ಮತ್ತೆ ಚಳಿಯ ಮೇಲೆ. ತಣ್ಣನೆಯ ತುದಿಯ ತಾಪವನ್ನು ತಾವೇ ಸರಿದೂಗಿಸಿಕೊಳ್ಳುವ ಇಂದಿನ ಉಪಕರಣಗಳಲ್ಲಿ ಈ ದೋಷವಿಲ್ಲ, ಆದರೆ ಅವುಗಳಲ್ಲಿ ಅನೇಕವು ಸೊನ್ನೆ ಡಿಗ್ರಿಗಿಂತ ಮೇಲೆ ಕೆಲಸ ಮಾಡಲೆಂದು ತಯಾರಾದವು. ಜರ್ಮನಿಯ ಹರ್ಮನ್ ಸೆಗರ್ 1886ರಲ್ಲಿ ರೂಪಿಸಿದ, ಅಮೆರಿಕದಲ್ಲಿ ಎಡ್ವರ್ಡ್ ಆರ್ಟನ್ 1896ರಿಂದ ತಯಾರಿಸಿದ ಮಣ್ಣಿನ ಶಂಕುಗಳಿಗೆ ಹೊರಗಿನ ಹವೆಯ ಪರಿವೆಯೇ ಇಲ್ಲ. ಒಳಗಿದ್ದು, ಮಡಕೆ ಕಂಡ ಬೆಂಕಿಯನ್ನೇ ಕಂಡು ಬಾಗುತ್ತವೆ. ಈ ಮೂರು ಪುಸ್ತಕಗಳ ತಲೆಮಾರು ಶಂಕುವಿನ ಮೇಲೆ ಇಟ್ಟಿದ್ದ ನಂಬಿಕೆ ಹಳೆಯ ಕಾಲದ ಮೋಹವಲ್ಲ.

ಸುಡುವುದು ಮುಗಿದು ಆವಿಗೆ ತಣಿಯುವಾಗ ಅದೇ 60 ಡಿಗ್ರಿ ಬೇರೆ ಮುಖ ತೋರಿಸುತ್ತದೆ. ಒಳಗೆ 1250° ಇದ್ದಾಗ ಅದು ನೂರಕ್ಕೆ ಐದು. ಒಳಗೆ 200° ಇದ್ದಾಗ ಬೇಸಿಗೆಯ ವ್ಯತ್ಯಾಸ 170, ಚಳಿಗಾಲದ್ದು 230. ಹೆಚ್ಚಳ ನೂರಕ್ಕೆ 35. ಮಣ್ಣಿನಲ್ಲಿ ಕ್ರಿಸ್ಟೋಬಲೈಟ್ ಇದ್ದರೆ ಅದು 220°ಯ ಆಸುಪಾಸಿನಲ್ಲಿ ಥಟ್ಟನೆ ಕುಗ್ಗುತ್ತದೆ. ಕ್ವಾರ್ಟ್ಜ್ ಕುಗ್ಗುವ 573°ಯನ್ನು ಎಚ್ಚರಿಕೆಯಿಂದ ದಾಟಿ ಬಂದವರು ಇಲ್ಲಿ ಮೈಮರೆತು ಬಾಗಿಲು ತೆರೆಯುತ್ತಾರೆ. ಹೊರಗಿನ ಗಾಳಿ ಒಳನುಗ್ಗಿ ದೊಡ್ಡ ತಟ್ಟೆಗಳು ಟಣ್ಣೆಂದು ಸೀಳುತ್ತವೆ. ಉರಿಯುವಾಗ ಚಳಿಗೆ ಹೆದರಿ, ಆರುವಾಗ ಮರೆಯುವುದು ಲೆಕ್ಕಕ್ಕೆ ಪೂರ್ತಿ ವಿರುದ್ಧವಾದ ನಡವಳಿಕೆ. ಕೆಲೋರಿಮಾಪಕದಲ್ಲಿ ಬಿಸಿನೀರು ಆರಿಸಿ ನ್ಯೂಟನ್ನನ ತಂಪಾಗುವಿಕೆಯ ನಿಯಮವನ್ನು ತಾಳೆ ನೋಡುವ ನಮ್ಮ ಕಾಲೇಜುಗಳ ಪ್ರಯೋಗಕ್ಕೆ ಇದಕ್ಕಿಂತ ಜೀವಂತ ಉದಾಹರಣೆ ಸಿಗಲಾರದು. ಆ ಪ್ರಯೋಗವನ್ನು ವರ್ಷವರ್ಷವೂ ಮಾಡಿಸುವ ನಾವು ಅದನ್ನು ಯಾವ ಕಸುಬಿಗೂ ತಗುಲಿಸುವುದಿಲ್ಲ ಎಂಬುದು ಕುಂಬಾರರ ಮೇಲಲ್ಲ, ನಮ್ಮ ಮೇಲಿನ ಟೀಕೆ.

ಕಾಲೇಜು ಗ್ರಂಥಾಲಯ ಈ ಮೂರರಲ್ಲಿ ಒಂದನ್ನೇ ಕೊಳ್ಳುವುದಾದರೆ ರೋಡ್ಸ್ ಅವರ ಪುಸ್ತಕವನ್ನು ನಾನು ಸೂಚಿಸುತ್ತೇನೆ; ಶೀರ್ಷಿಕೆಯಲ್ಲೇ ವಿನ್ಯಾಸ, ನಿರ್ಮಾಣಗಳ ಜೊತೆಗೆ ನಡೆಸುವ ಕೆಲಸಕ್ಕೂ ಅವರು ಜಾಗ ಕೊಟ್ಟಿದ್ದಾರೆ. ಓಲ್ಸನ್ ಪುಸ್ತಕ ಈಗಾಗಲೇ ಇದ್ದರೆ ಚಿಮಣಿಯ ಸೂತ್ರದ ಪಕ್ಕದ ಅಂಚಿನಲ್ಲಿ ಪೆನ್ಸಿಲಿನಿಂದ 37, 44, 51 ಎಂದು ಬರೆದು, ಮೇಲೆ 30°, 0°, −30° ಎಂದು ಗುರುತು ಹಾಕಬಹುದು. ಎತ್ತರ 5 ಮೀಟರ್, ಒಳಗೆ 600° ಎಂಬುದನ್ನು ಬರೆಯಲು ಮರೆಯಬಾರದು. ಬೇರೆ ಚಿಮಣಿಯವರು ಆ ಸಂಖ್ಯೆಗಳನ್ನು ತಾವೇ ಮತ್ತೆ ಗುಣಿಸಿಕೊಳ್ಳಬೇಕಾಗುತ್ತದೆ.